ಎಡಗಡೆಯ ಮುಂದಿನ ಗಾಲಿ

ಸಪ್ಪಳವನ್ನು ಮೊದಲು ಕೇಳಿಸಿಕೊಂಡವಳು ನನ್ನ ತಮ್ಮನ ಮಗಳು. ಆಗ ಅವಳಿಗೆ ಹದಿನೆಂಟು. ಕ್ರೋಂಪೇಟೆಯ ಅವರ ಮನೆಯಿಂದ ನಡೆದೇ ಹೋಗಬಹುದಾದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷ ಓದುತ್ತಿದ್ದಳು. ಅಪ್ಪನ ಪಕ್ಕದ ಸೀಟಿನಲ್ಲಿ ಕೂತು ಎಲ್ಲಿಗೋ ಹೊರಟಿದ್ದಾಗ ಕಾಲ ಕೆಳಗಿನಿಂದ ಏನೋ ಗುಂಯ್ಯೆನ್ನುತ್ತಿದೆ ಎಂದಳಂತೆ. ತಮ್ಮ ಅದು ರಸ್ತೆಯ ಸಪ್ಪಳ ಎಂದು ಸುಮ್ಮನಾದ. ವಾರ ಕಳೆಯುವಷ್ಟರಲ್ಲಿ ಅವನಿಗೂ ಕೇಳಿಸತೊಡಗಿತು. ಒಂದು ಭಾನುವಾರ ಬೆಳಿಗ್ಗೆ ಗಾಡಿಯನ್ನು ಪೆರಂಬೂರಿನ ನನ್ನ ಮನೆಯ ಮುಂದೆ ತಂದು ನಿಲ್ಲಿಸಿ, ಇಳಿಯುವ ಮೊದಲೇ ಕೂಗಿದ:

"ಅಣ್ಣಾ, ವಂಡಿ ಹಾಡ್ಲಿಕ್ಕತ್ತದ. ಬಂದು ಕೇಳು."

ನಮ್ಮ ಅಜ್ಜ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಿಂದ ವರ್ಗವಾಗಿ ಇಲ್ಲಿಯ ಪೆರಂಬೂರಿನ ಕಾರ್ಖಾನೆಗೆ ಬಂದವರು. ಅಪ್ಪನೂ ರೈಲ್ವೆ, ನಾನೂ ರೈಲ್ವೆ. ಮೂರು ತಲೆಮಾರು ಕಳೆದರೂ ಮನೆಯೊಳಗೆ ಹುಬ್ಬಳ್ಳಿಯ ಮಾತೇ ಉಳಿದಿದೆ, ನಡುನಡುವೆ ತಮಿಳು ತನಗೆ ಬೇಕಾದಲ್ಲಿ ಬಂದು ಕೂರುತ್ತದೆ. ಗಾಡಿಗೆ ನಾವು ವಂಡಿ ಎನ್ನುತ್ತೇವೆ. ತಮ್ಮನ ಮಗಳಂತೂ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುತ್ತಾಳೆ. ನಾನು ಮೂವತ್ತನಾಲ್ಕು ವರ್ಷ ಕೆಲಸ ಮಾಡಿದ್ದು ಬೋಗಿಗಳ ಗಾಲಿ ಮತ್ತು ಅಚ್ಚುಗಳ ವಿಭಾಗದಲ್ಲಿ. ಬೇರಿಂಗ್ ಎಂದರೆ ನನಗೆ ಅನ್ನದ ಹಾಗೆ ಪರಿಚಿತ. ತಮ್ಮ ಮಾತ್ರ ರೈಲ್ವೆಗೆ ಬರಲಿಲ್ಲ. ಅವನು ವಿಮಾ ಸರ್ವೇಯರ್. ಸಮುದ್ರದ ಅಂಚಿನ ಸಿಗಡಿ ಹೊಂಡಗಳಿಗೆ ರೋಗ ಬಂದಾಗ, ನೀರು ನುಗ್ಗಿದಾಗ ಹೋಗಿ ನೋಡಿ ವರದಿ ಬರೆಯುವ ಕೆಲಸ. ಆ ಹೊಂಡಗಳಿಗೆ ಹೋಗುವ ದಾರಿ ದಾರಿಯೇ ಅಲ್ಲ. ಉಪ್ಪುನೀರಿನ ಕೆಸರು, ಎರಡು ಹೊಂಡಗಳ ನಡುವಿನ ಮಣ್ಣಿನ ಏರಿ. ಅದಕ್ಕೆಂದೇ ನಾಲ್ಕೂ ಗಾಲಿಗೆ ಇಂಜಿನ್ನಿನ ಬಲ ಹೋಗುವ ಹಳೆಯ ಡೀಸೆಲ್ ಗಾಡಿಯೊಂದನ್ನು ಕೊಂಡಿದ್ದ. ಅದರ ಮೇಲೆ ಅವನಿಗೆ ವಿಪರೀತ ಅಕ್ಕರೆ.

ನನ್ನ ಹೆಂಡತಿ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಮಕ್ಕಳಿಲ್ಲ. ತಮ್ಮ, ಅವನ ಹೆಂಡತಿ, ಆ ಹುಡುಗಿ, ಇಷ್ಟೇ ನನ್ನ ಮಂದಿ. ಆದ್ದರಿಂದ ತಮ್ಮ ಗಾಡಿ ತಂದನೆಂದರೆ ನನಗೆ ಹಬ್ಬವೇ.

ಅವತ್ತು ಅವನನ್ನೇ ಓಡಿಸಲು ಹೇಳಿ ನಾನು ಪಕ್ಕದಲ್ಲಿ ಕೂತೆ. ಭಾನುವಾರವಾದ್ದರಿಂದ ಕಾರ್ಖಾನೆಯ ಗೋಡೆ ಪಕ್ಕದ ರಸ್ತೆ ಖಾಲಿಯಿತ್ತು. ನಲವತ್ತರ ವೇಗದಲ್ಲಿ ತೆಳುವಾದ ಗುಂಯ್‌ಗಾಟ. ಅರವತ್ತಕ್ಕೆ ಏರಿದಾಗ ಅದೂ ಏರಿತು. ಗೇರ್ ತೆಗೆದು ಸುಮ್ಮನೆ ಉರುಳಲು ಬಿಡು ಎಂದೆ. ಇಂಜಿನ್ನಿನ ಸದ್ದು ಇಳಿಯಿತು, ಗುಂಯ್‌ಗಾಟ ಹಾಗೇ ಇತ್ತು. ಅಂದರೆ ಇಂಜಿನ್ ಅಲ್ಲ, ಗೇರ್ ಪೆಟ್ಟಿಗೆಯೂ ಅಲ್ಲ. ಪಕ್ಕದ ಮಣ್ಣಿನ ಮೈದಾನಕ್ಕೆ ಇಳಿಸಿ, ಮುಂದಿನ ಅಚ್ಚಿಗೂ ಬಲ ಕೊಡುವ ಸಣ್ಣ ಲಿವರ್ ಎಳೆಸಿದೆ. ಸಪ್ಪಳದಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಅಚ್ಚಿನ ನಡುವಿನ ಹಲ್ಲುಗಾಲಿಗಳು ಸವೆದಿದ್ದರೆ ಆಗ ಕಿರುಚಬೇಕಿತ್ತು. ಅಲ್ಲಿಗೆ ಅದೂ ಅಲ್ಲ. ಮತ್ತೆ ರಸ್ತೆಗೆ ಬಂದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹಾವಿನ ಹಾಗೆ ತಿರುಗಿಸು ಎಂದೆ. ಬಲಕ್ಕೆ ತಿರುಗಿದಾಗಲೆಲ್ಲ ಗುಂಯ್‌ಗಾಟ ಗುರ್ರ್ ಆಗುತ್ತಿತ್ತು, ಎಡಕ್ಕೆ ತಿರುಗಿದರೆ ಇಳಿಯುತ್ತಿತ್ತು. ಬಲಕ್ಕೆ ತಿರುಗಿದಾಗ ಗಾಡಿಯ ಭಾರವೆಲ್ಲ ಎಡಗಡೆ ಬೀಳುತ್ತದೆ.

"ಎಡಗಡೆ ಮುಂದಿನ ಗಾಲಿ. ಬೇರಿಂಗ್ ಹೋಗೇದ," ಎಂದೆ.

"ನೋಡದೇನ ಹೇಳಿದೆಲ್ಲೋ!" ತಮ್ಮ ಸ್ಟಿಯರಿಂಗಿನ ಮೇಲೆ ಕೈ ತಟ್ಟಿ ನಕ್ಕ. ನನಗೂ ಒಳಗೊಳಗೇ ಹಿಗ್ಗು.

ಮನೆಯ ಮುಂದೆ ಜಾಕ್ ಕೊಟ್ಟು ಎತ್ತಿ, ಸ್ಕ್ರೂಡ್ರೈವರಿನ ತುದಿಯನ್ನು ಗಾಲಿಯ ಹಿಂದಿನ ಕಬ್ಬಿಣಕ್ಕೆ ತಾಗಿಸಿ ಹಿಡಿಯನ್ನು ಕಿವಿಗಿಟ್ಟುಕೊಂಡೆ. ತಮ್ಮ ಗಾಲಿಯನ್ನು ಕೈಯಿಂದ ತಿರುಗಿಸಿದ. ಮರಳನ್ನು ಹಲ್ಲಿನಿಂದ ಕಡಿದ ಹಾಗೆ ಕೇಳಿಸಿತು. ಬಿಚ್ಚಿ ನೋಡಿದರೆ ಒಳಗಿನ ಗ್ರೀಸ್ ಸಾರಿನ ಬಣ್ಣಕ್ಕೆ ತಿರುಗಿತ್ತು. ಉಪ್ಪುನೀರು ಎಂದೋ ಒಳಗೆ ಹೋಗಿ ಬೇರಿಂಗಿನ ಉರುಳೆಗಳನ್ನು ತಿಂದುಹಾಕಿತ್ತು.

ಮರುದಿನ ಪ್ಯಾರೀಸ್ ಕಾರ್ನರಿನ ಹಿಂದಿನ ಗಲ್ಲಿಗಳಲ್ಲಿ ಬೇರಿಂಗ್ ಹುಡುಕಿದೆ. ಬೇರಿಂಗ್ ಎರಡೂ ಸಿಕ್ಕವು, ಎಣ್ಣೆ ಸೋರದಂತೆ ತಡೆಯುವ ಸೀಲೂ ಸಿಕ್ಕಿತು. ಒಂದು ವಸ್ತು ಸಿಗಲಿಲ್ಲ.

ಅದು ಏನೆಂದು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರಿಂದಲೇ ಆದದ್ದು. ಆ ಗಾಡಿಯಲ್ಲಿ ಮುಂದಿನ ಗಾಲಿಯನ್ನು ಅಚ್ಚಿನ ತುದಿಯಲ್ಲಿ ಹಿಡಿದಿಡುವುದು ಎರಡು ದೊಡ್ಡ ನಟ್ಟುಗಳು, ಒಂದರ ಹೊರಗೆ ಒಂದು. ಅವೆರಡರ ನಡುವೆ ತೆಳು ತಗಡಿನ ಒಂದು ವಾಷರ್. ಅದಕ್ಕೆ ಸಣ್ಣ ಕಿವಿಗಳಿರುತ್ತವೆ. ನಟ್ಟು ಬಿಗಿದ ಮೇಲೆ ಒಂದು ಕಿವಿಯನ್ನು ಒಳನಟ್ಟಿನ ಮೇಲೂ ಇನ್ನೊಂದನ್ನು ಹೊರನಟ್ಟಿನ ಮೇಲೂ ಸುತ್ತಿಗೆಯಿಂದ ಮಡಿಚಿದರೆ, ಗಾಲಿ ಎಷ್ಟು ಸುತ್ತಿದರೂ ನಟ್ಟು ತಾನಾಗಿ ಸಡಿಲವಾಗುವುದಿಲ್ಲ. ಮಡಿಚಿದ ಕಿವಿ ಮತ್ತೆ ಬಿಡಿಸಿದರೆ ಬಲಹೀನವಾಗುತ್ತದೆ. ಪ್ರತಿ ಸಲವೂ ಹೊಸ ವಾಷರ್ ಹಾಕಬೇಕು. ಅಂಗಡಿಯವನು ಬುಧವಾರ ಬರುತ್ತದೆ ಎಂದ.

ನಾನು ಬುಧವಾರದವರೆಗೆ ಕಾಯಲಿಲ್ಲ. ತಮ್ಮನಿಗೆ ಮಂಗಳವಾರ ಮಹಾಬಲಿಪುರದ ಆಚೆ ಕೆಲಸವಿತ್ತು. ಸೋಮವಾರ ಸಂಜೆ ಗಾಡಿ ತಗೊಂಡು ಹೋಗುತ್ತೇನೆ ಎಂದಿದ್ದ. ಹಳೆಯ ವಾಷರನ್ನೇ ತಟ್ಟಿ ನೇರ ಮಾಡಿ ಹಾಕಿದೆ. ಒಳಗಿನ ಕಿವಿ ಮಡಿಚಿಕೊಂಡಿತು. ಹೊರಗಿನದನ್ನು ಮಡಿಚುವಾಗ ಎರಡನೇ ಏಟಿಗೇ ಟಣ್ಣೆಂದು ಮುರಿದು ಅಂಗಳಕ್ಕೆ ಬಿತ್ತು.

ನಮ್ಮ ವಿಭಾಗದಲ್ಲಿ ಒಬ್ಬ ಬಿಗಿದದ್ದನ್ನು ಇನ್ನೊಬ್ಬ ನೋಡಿ ಬಿಳಿ ಬಣ್ಣದ ಗೆರೆ ಎಳೆಯದೆ ಯಾವ ಗಾಲಿಯೂ ಹೊರಗೆ ಹೋಗುತ್ತಿರಲಿಲ್ಲ. ನಾನೇ ಎಷ್ಟೋ ಜನರ ಕೆಲಸವನ್ನು ವಾಪಸು ಕಳಿಸಿದ್ದೆ, ಬೈದಿದ್ದೆ. ಆದರೆ ಇಲ್ಲಿ ನನ್ನನ್ನು ನೋಡುವವರು ಯಾರೂ ಇರಲಿಲ್ಲ. ತಮ್ಮ ಒಳಗೆ ಟೀವಿ ನೋಡುತ್ತ ಕಾಫಿ ಕುಡಿಯುತ್ತಿದ್ದ. ಹೊರನಟ್ಟನ್ನು ಇನ್ನಷ್ಟು ಬಲ ಹಾಕಿ ಬಿಗಿದೆ. ಒಂದೆರಡು ದಿನದ ಮಾತು, ಬುಧವಾರ ವಾಷರ್ ತಂದು ಹಾಕಿಬಿಡೋಣ ಎಂದುಕೊಂಡೆ. ಮುಚ್ಚಳ ಮುಚ್ಚಿ, ಕೈ ತೊಳೆದುಕೊಂಡೆ.

ತಮ್ಮ ಓಡಿಸಿ ನೋಡಿದ. ಒಂದಿಷ್ಟೂ ಸಪ್ಪಳವಿಲ್ಲ. "ಏನ್ ಕೈ ಅದನೋ ನಿಂದು, ಅಣ್ಣಾ!" ಎಂದ. ಕಿವಿ ಮುರಿದದ್ದನ್ನು ನಾನು ಅವನಿಗೆ ಹೇಳಲಿಲ್ಲ.

ಬುಧವಾರ ನನಗೆ ಜ್ವರ ಬಂತು. ಜ್ವರ ಬಿಟ್ಟ ಮೇಲೆ ಇನ್ನೇನೋ ಬಂತು. ಫೋನಿನಲ್ಲಿ ಗಾಡಿ ಹೇಗಿದೆ ಎಂದಾಗಲೆಲ್ಲ ತಮ್ಮ ಬೆಣ್ಣೆಯ ಹಾಗೆ ಓಡುತ್ತಿದೆ ಎನ್ನುತ್ತಿದ್ದ. ಕೇಳುತ್ತ ಕೇಳುತ್ತ ಬಿಗಿದದ್ದು ಗಟ್ಟಿಯಾಗಿಯೇ ಇದೆ ಎಂದು ನಾನೇ ನಂಬಿದೆ. ಎರಡು ವಾರದ ನಂತರ ವಾಷರಿನ ನೆನಪೂ ಬರಲಿಲ್ಲ. ಇದನ್ನು ಬರೆಯುವಾಗ ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತರುತ್ತದೆ. ನಾನು ಅದನ್ನು ಮರೆತಿದ್ದೆ.

ಐದು ವಾರ ಕಳೆದಿತ್ತು. ಗುರುವಾರ ತಿ. ನಗರದ ಒಂದು ಮಂಟಪದಲ್ಲಿ ದೂರದ ಸಂಬಂಧಿಕರ ಮನೆಯ ಮುಂಜಿ. ನಾದಸ್ವರ, ಮಕ್ಕಳ ಗಲಾಟೆ, ಊಟದ ಎರಡನೇ ಪಂಕ್ತಿಗೆ ಕರೆಯುತ್ತಿದ್ದರು. ಫೋನಿಗೆ ತಮ್ಮನ ಮಗಳಿಂದ ಒಂದು ಧ್ವನಿಮುದ್ರಿಕೆ ಬಂತು. ಬೆಳಿಗ್ಗೆ ಕೆಲಸಕ್ಕೆ ಹೊರಟ ಅಪ್ಪ ದಾರಿಯಲ್ಲಿ ಕಾಲೇಜಿಗೆ ಬಿಡುವಾಗ ಕಿಟಕಿಯಿಂದ ಫೋನ್ ಹೊರಹಿಡಿದು ಮುದ್ರಿಸಿದ್ದಳು. ಜೊತೆಗೆ ಒಂದು ಸಾಲು, ಹೊಸ ಸತ್ತಂ, ಅಂದರೆ ಸಪ್ಪಳ, ಬರುತ್ತಿದೆ, ಕೇಳಿ ಹೇಳಿ ಎಂದು. ಒಂದು ಕಿವಿಗೆ ಬೆರಳಿಟ್ಟು ಇನ್ನೊಂದಕ್ಕೆ ಫೋನ್ ಹಿಡಿದೆ. ಗಾಳಿಯ ಸದ್ದು. ಅದರ ಅಡಿಯಲ್ಲಿ ಟಕ್, ಸ್ವಲ್ಪ ಬಿಟ್ಟು ಟಕ್, ಮತ್ತೆ ಟಕ್. ಪೂರ್ತಿ ಕೇಳಲೂ ಇಲ್ಲ. ಮುಂದಿನ ಗಾಲಿಯನ್ನು ಅಚ್ಚಿಗೆ ಸೇರಿಸುವ, ಬಿಡಿಸುವ ಕೊಂಡಿ ಅರ್ಧಕ್ಕೆ ನಿಂತಿದ್ದರೆ ಹಾಗೆ ಬಡಿಯುತ್ತದೆ. ಅದೇ ಇರಬೇಕೆಂದುಕೊಂಡೆ. ಪಂಕ್ತಿಗೆ ಹೋಗುತ್ತ ಹೋಗುತ್ತ ಮಾತಾಡಿ ಕಳಿಸಿದೆ:

"ಏನೂ ಆಗೂದಿಲ್ಲವಾ. ಹಬ್ ಕೊಂಡಿ ಬಡೀತಿರ್ತದ ಅಷ್ಟ. ಅಪ್ಪಗ ಹೇಳು, ಆಯಿತವಾರ ವಂಡಿ ತಗೊಂಡ ಬರ್ಲಿ, ನೋಡ್ತೇನಿ."

ಆ ಭಾನುವಾರ ಬರಲಿಲ್ಲ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಸಿಗಡಿ ಹೊಂಡಗಳ ಕಡೆ ಇಳಿಯುವ ಒಂದು ಬಲತಿರುವಿನಲ್ಲಿ ಎಡಗಡೆಯ ಮುಂದಿನ ಗಾಲಿ ಕಳಚಿಕೊಂಡಿತು. ಗಾಡಿ ಎಡಕ್ಕೆ ಮುಗ್ಗರಿಸಿ ರಸ್ತೆಯ ಪಕ್ಕದ ಕಾಲುವೆಗೆ ಮಗುಚಿತು. ಜೊತೆಗಿದ್ದ ಹೊಂಡದ ಮಾಲೀಕ ಮಣಿಕಟ್ಟು ಮುರಿದುಕೊಂಡು ಹೊರಬಂದ. ತಮ್ಮನನ್ನು ಹೊರಗೆ ಎಳೆಯಲು ಊರಿನವರಿಗೆ ಬಹಳ ಹೊತ್ತು ಹಿಡಿಯಿತಂತೆ.

ಆಸ್ಪತ್ರೆಯ ವೆರಾಂಡದಲ್ಲಿ ತಮ್ಮನ ಹೆಂಡತಿ ಸ್ಕೂಲಿನಿಂದ ಹಾಗೇ ಬಂದಿದ್ದಳು, ಬೆರಳಿಗೆ ಸೀಮೆಸುಣ್ಣ ಅಂಟಿಕೊಂಡಿತ್ತು. ಅವಳು ಮೇಷ್ಟ್ರಮ್ಮ, ಎದೆಗುಂದುವವಳಲ್ಲ. ಬೆನ್ನುಹುರಿಗೆ ಪೆಟ್ಟಾಗಿದೆ, ಸೊಂಟದ ಕೆಳಗೆ ಮತ್ತೆ ಸ್ಪರ್ಶ ಬರುವುದು ಕಷ್ಟ ಎಂದು ಡಾಕ್ಟರು ಹೇಳಿದಾಗ, "ಕಷ್ಟ ಅಂದ್ರ ಬರೂದಿಲ್ಲಂತನಾ?" ಎಂದು ಒಂದೇ ಮಾತು ಕೇಳಿದಳು. ಡಾಕ್ಟರು ತಲೆ ತಗ್ಗಿಸಿದರು. ಗಾಲಿ ಕಳಚಿತು ಎಂಬ ಮಾತು ಕಿವಿಗೆ ಬಿದ್ದ ಕ್ಷಣವೇ ಮುರಿದ ಕಿವಿ ಅಂಗಳಕ್ಕೆ ಬಿದ್ದ ಟಣ್ ನನಗೆ ಕೇಳಿಸಿತ್ತು. ಆದರೂ ಬೇರೆ ಏನಾದರೂ ಆಗಿರಬಹುದು, ಅಚ್ಚೇ ಮುರಿದಿರಬಹುದು ಎಂದು ಹನ್ನೆರಡು ದಿನ ಹೇಳಿಕೊಂಡೆ. ಎಲ್ಲರೂ ರಸ್ತೆಯನ್ನು ಬೈದರು, ಉಪ್ಪುನೀರನ್ನು ಬೈದರು. ನಾನೂ ಹ್ಞೂಂಗುಟ್ಟಿದೆ.

ಹದಿಮೂರನೇ ದಿನ ಕ್ರೋಂಪೇಟೆಗೆ ಹೋದೆ. ಮುಚ್ಚಿಹೋದ ಒಂದು ಚರ್ಮದ ಮಂಡಿಯ ಹಿಂದಿನ ಗ್ಯಾರೇಜಿಗೆ ಗಾಡಿಯನ್ನು ಎಳೆದು ತಂದಿದ್ದರು. ವಿಮೆಯವರು ನೋಡಿಕೊಂಡು ಹೋಗಿಯಾಗಿತ್ತು. ಕಳಚಿದ ಗಾಲಿಯನ್ನು ಯಾರೋ ಹಿಂದಿನ ಸೀಟಿನ ಮೇಲೆ ಹಾಕಿದ್ದರು. ಅಚ್ಚಿನ ತುದಿಯನ್ನು ಬೆರಳಿನಿಂದ ಸವರಿದೆ. ಅದು ಮುರಿದಿರಲಿಲ್ಲ. ನಟ್ಟು ಕೂರುವ ತಿರುಪಿನ ಕೊನೆಯ ಎರಡು ಸುತ್ತು ಮಾತ್ರ ಹರಿದಿತ್ತು, ಉಳಿದದ್ದು ಹೊಳೆಯುತ್ತಿತ್ತು. ಗ್ಯಾರೇಜಿನ ಮೇಸ್ತ್ರಿ, ನನ್ನ ವಯಸ್ಸಿನವನೇ, ಪಾನಾ ತಂದುಕೊಟ್ಟ. ಗಾಲಿಯ ಮುಚ್ಚಳ ಬಿಚ್ಚಿದೆವು. ಒಳಗೆ ಗ್ರೀಸಿನಲ್ಲಿ ಎರಡೂ ನಟ್ಟುಗಳು ಸಡಿಲವಾಗಿ ಬಿದ್ದಿದ್ದವು, ಅವುಗಳ ನಡುವೆ ವಾಷರ್. ಒಂದು ಕಿವಿ ಉಜ್ಜಿ ಉಜ್ಜಿ ಚಪ್ಪಟೆಯಾಗಿತ್ತು. ಇನ್ನೊಂದು ಇರಬೇಕಾದ ಜಾಗದಲ್ಲಿ ಮುರಿದ ಅಂಚು. ಆ ಅಂಚು ಹಳೆಯದು. ಕಪ್ಪಾಗಿತ್ತು.

ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ನೋಡಿದ. "ಯಾರು ಸಾರ್ ಇದ ಫಿಟ್ ಪಣ್ಣಿನದು?" ಎಂದ. ಜೋಡಿಸಿದ್ದು ಯಾರು ಎಂದು ಕೇಳುತ್ತಿದ್ದ.

"ತೆರಿಯಾದು," ಎಂದೆ. ಗೊತ್ತಿಲ್ಲ.

"ಯಾರೋ ದೊಡ್ಡ ಪಾಪಿ," ಎಂದು ತಮಿಳಿನಲ್ಲೇ ಹೇಳಿ, ವಾಷರನ್ನು ನನ್ನ ಅಂಗೈಯಲ್ಲಿಟ್ಟು ಹೋದ. ನಾನು ಅದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಮನೆಗೆ ಬಂದು ಬೀರುವಿನಲ್ಲಿಟ್ಟೆ.

ತಮ್ಮನನ್ನು ಎರಡು ತಿಂಗಳ ಮೇಲೆ ಮನೆಗೆ ಕರೆತಂದರು. ನಾನು ದಿನಾ ಬೆಳಿಗ್ಗೆ ಪೆರಂಬೂರಿನಿಂದ ಸೆಂಟ್ರಲಿಗೆ, ಅಲ್ಲಿಂದ ರಸ್ತೆ ದಾಟಿ ಪಾರ್ಕ್ ಸ್ಟೇಷನ್ನಿನಲ್ಲಿ ಇನ್ನೊಂದು ರೈಲು ಹಿಡಿದು ಕ್ರೋಂಪೇಟೆಗೆ ಹೋಗುತ್ತಿದ್ದೆ. ಅವನನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಎತ್ತಲು ಇಬ್ಬರು ಬೇಕು. ತಮ್ಮ ಎತ್ತಿಸಿಕೊಳ್ಳುವಾಗ ಪ್ರತಿ ಸಲ, "ನಿನ್ನ ಬೆನ್ನು ನೋವು ಆಗ್ತದೋ ಅಣ್ಣಾ, ಸಾವಕಾಶ," ಎನ್ನುತ್ತಿದ್ದ. ಅದನ್ನು ಕೇಳಿಕೊಂಡು ನಾನು ಅವನ ಕಂಕುಳಲ್ಲಿ ಕೈ ಹಾಕುತ್ತಿದ್ದೆ. ಹೇಳಲೇಬೇಕು ಎಂದು ರೈಲಿನಲ್ಲಿ ದಿನಾ ನಿಶ್ಚಯಿಸುತ್ತಿದ್ದೆ. ಮನೆಯ ಮೆಟ್ಟಿಲು ಹತ್ತುವಾಗ, ಇವರಿಗೆ ಈಗ ಎತ್ತುವ ಕೈ ಬೇಕು, ಹೇಳಿದರೆ ನನ್ನನ್ನು ಒಳಗೆ ಬಿಡದಿದ್ದರೆ ಇವನನ್ನು ಎತ್ತುವವರು ಯಾರು ಎಂದು ಬೇರೆ ಮಾತು ಹುಟ್ಟುತ್ತಿತ್ತು.

ಒಂದು ದಿನ ತಮ್ಮನ ಹೆಂಡತಿ ನನ್ನನ್ನು ಅಡಿಗೆಮನೆಗೆ ಕರೆದಳು.

"ಹುಡುಗಿ ಕಾಲೇಜಿಗೆ ಹೋಗವಲ್ಲಳು. ಊಟಾನೂ ಇಲ್ಲ. ಇಡೀ ದಿನ ಕಿವಿಗೆ ಆ ವಯರ್ ಹಾಕ್ಕೊಂಡು ಕೂಡ್ತಾಳ. ಏನು ಕೇಳ್ತಾಳೋ ಗೊತ್ತಿಲ್ಲ. ನಿಮ್ಮ ಕಡೆ ಏನರೆ ಹೇಳಿದ್ರ ಹೇಳಿಯಾಳು. ಮಾತಾಡಿಸ್ರಿ ಒಂದೀಟು."

ಹುಡುಗಿ ಹಿಂದಿನ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದಳು. ಅವಳ ಒಂದು ಕಿವಿಯಿಂದ ವಯರ್ ತೆಗೆದು ನಾನು ನನ್ನ ಕಿವಿಗೆ ಹಿಡಿದೆ. ಗಾಳಿ. ಅದರಡಿಯಲ್ಲಿ ಟಕ್. ಟಕ್. ವಯರನ್ನು ಕಿವಿಯಿಂದ ತೆಗೆದು ನೆಲದ ಮೇಲಿಟ್ಟೆ. ಎಪ್ಪತ್ತು ದಿನಗಳಿಂದ ಅವಳು ಅದನ್ನೇ ಕೇಳುತ್ತಿದ್ದಳು.

"ಎನ್ ತಪ್ಪು ದಾನ್, ದೊಡ್ಡಪ್ಪಾ," ಎಂದಳು. ತಪ್ಪು ತನ್ನದೇ ಎನ್ನುತ್ತಿದ್ದಳು. ಶುಕ್ರವಾರ ಸಪ್ಪಳ ಇನ್ನೂ ಜೋರಾಗಿತ್ತಂತೆ. ನೀವು ಏನೂ ಆಗುವುದಿಲ್ಲ ಎಂದಿರಿ, ಆದರೂ ನನಗೆ ಅನುಮಾನವಿತ್ತು, ಮತ್ತೊಮ್ಮೆ ಕಳಿಸಿದರೆ ಬೈದೀರೆಂದು ಕಳಿಸಲಿಲ್ಲ, ಅವತ್ತು ಕೀ ತೆಗೆದು ಅಡಗಿಸಿಡಬೇಕಿತ್ತು, ಅಡಗಿಸಿದ್ದರೆ ಅಪ್ಪ ನಡೆಯುತ್ತಿದ್ದ. ಇದನ್ನೆಲ್ಲ ತಮಿಳಿನಲ್ಲಿ, ಒಂದೇ ಸಮನೆ, ಪಾಠ ಒಪ್ಪಿಸುವ ಹಾಗೆ ಹೇಳಿದಳು. ಎಷ್ಟು ಸಲ ತನ್ನೊಳಗೆ ಹೇಳಿಕೊಂಡಿದ್ದಳೋ.

ಆ ಕ್ಷಣದಲ್ಲೇ ಹೇಳಬೇಕಾಗಿತ್ತು. ನಾನು ಅವಳ ತಲೆ ಸವರಿ, "ಹಂಗೇನಿಲ್ಲವಾ," ಎಂದು ಎದ್ದು ಬಂದೆ. ರೈಲಿನಲ್ಲಿ ನನ್ನ ಎದುರು ಕೂತಿದ್ದ ಹೆಂಗಸು, ಮೈ ಸರಿಯಿಲ್ಲವೇ ಎಂದು ನೀರಿನ ಬಾಟಲಿ ಕೊಟ್ಟಳು. ಮರುದಿನ ಹೋಗಲಿಲ್ಲ. ಫೋನ್ ಮಾಡಿ ಜ್ವರವೆಂದೆ. ಅದರ ಮರುದಿನ ಬೀರುವಿನಿಂದ ಕರವಸ್ತ್ರದ ಗಂಟು ತೆಗೆದುಕೊಂಡು ಹೊರಟೆ.

ತಮ್ಮನ ಹೆಂಡತಿಯನ್ನೂ ಹುಡುಗಿಯನ್ನೂ ಅವನ ಹಾಸಿಗೆಯ ಬಳಿ ಕೂರಿಸಿದೆ. ಗಂಟು ಬಿಚ್ಚಿ ಹೊದಿಕೆಯ ಮೇಲಿಟ್ಟೆ. ಹುಡುಗಿಯ ಮುಖ ನೋಡಿಯೇ ಹೇಳಿದೆ, ತಮ್ಮನ ಮುಖ ನೋಡಿ ಹೇಳಲು ಆಗುತ್ತಿರಲಿಲ್ಲ.

"ನಿನ್ನ ತಪ್ಪು ಅಲ್ಲವಾ. ನಂದು. ಬೇರಿಂಗ್ ಹಾಕಿದ ದಿನಾನ ಇದರ ಕಿವಿ ಮುರದಿತ್ತು. ನಾ ನೋಡೀನಿ. ಗೊತ್ತಿದ್ದೂ ಮುಚ್ಚಿ ಕಳಿಸೀನಿ. ಹೊಸಾದು ತಂದು ಹಾಕಬೇಕಂತ ಮಾಡಿದ್ದೆ, ಮರ್ತೆ. ನೀ ಕಳಿಸಿದ ಸಪ್ಪಳಾ ಬರೋಬ್ಬರಿ ಇತ್ತು. ಕೇಳಿದಾಂವ ನಾ ಬರೋಬ್ಬರಿ ಕೇಳ್ಲಿಲ್ಲ."

ತಮ್ಮ ಕೈ ಚಾಚಿ ವಾಷರ್ ತೆಗೆದುಕೊಂಡು, ತಿರುಗಿಸಿ ನೋಡಿದ. ವರದಿ ಬರೆಯುವಾಗ ಹೊಂಡದ ನೀರನ್ನು ನೋಡುವ ಹಾಗೆ ನೋಡಿದ.

"ಯಾವಾಗ ಮುರೀತು? ನಾ ಒಳಗ ಕಾಫಿ ಕುಡೀತಿದ್ನಲ್ಲ, ಆವಾಗ?"

"ಹ್ಞೂಂ."

"ಒಂದು ಮಾತು ಹೇಳಬೇಕಾಗಿತ್ತಲ್ಲೋ ಅಣ್ಣಾ. ಕಿವಿ ಮುರದದ, ವಂಡಿ ಬಿಟ್ಟು ಹೋಗು ಅಂತ. ನಾ ಬಸ್ಸಿನ್ಯಾಗ ಹೋಗ್ತಿದ್ದೆ."

ಅಷ್ಟೇ ಅವನು ಹೇಳಿದ್ದು. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಬಸ್ಸಿನ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ನಿಜವಾಗಿಯೂ ಅವನು ಹೋಗುತ್ತಿದ್ದ, ನಗುತ್ತಲೇ ಹೋಗುತ್ತಿದ್ದ.

ಹುಡುಗಿ ಬಿಕ್ಕುತ್ತಿದ್ದಳು. ತಮ್ಮನ ಹೆಂಡತಿ ಎದ್ದು ಹೋಗಿ ಬಾಗಿಲು ತೆರೆದು ಹಿಡಿದಳು. "ನಡೀರಿ," ಎಂದಳು. "ಎತ್ತಲಿಕ್ಕೆ ನಾ ಯಾರನ್ನರೆ ಇಟ್ಕೋತೇನಿ. ನೀವು ಬರಬ್ಯಾಡ್ರಿ."

ಐದು ತಿಂಗಳು ಆ ಮನೆಯ ಮುಖ ನೋಡಲಿಲ್ಲ. ಮೊದಲ ತಿಂಗಳ ಕೊನೆಗೆ ತಮ್ಮನ ಹೆಂಡತಿಯ ಫೋನಿನಿಂದ ಎರಡು ಪದಗಳ ಸಂದೇಶ ಬಂತು: ಕಾಲೇಜಿಗೆ ಹೋದಳು. ಅದನ್ನು ಯಾಕೆ ಕಳಿಸಿದಳೋ. ನಾನು ಉತ್ತರ ಬರೆಯಲು ಹೋಗಿ ಬರೆಯದೆ ಬಿಟ್ಟೆ. ಪೆರಂಬೂರಿನ ಮನೆಯಲ್ಲಿ ಬೆಳಿಗ್ಗೆ ಎದ್ದರೆ ಹೋಗಬೇಕಾದ ಜಾಗವಿರಲಿಲ್ಲ. ಕಾರ್ಖಾನೆಯ ಸೈರನ್ ಕೂಗಿದಾಗ ಅಭ್ಯಾಸಬಲದಿಂದ ಗಡಿಯಾರ ನೋಡುತ್ತಿದ್ದೆ. ಹಳೆಯ ಸಹೋದ್ಯೋಗಿಗಳು ಸ್ಕೂಟರ್ ತಂದು ಏನೋ ಸಪ್ಪಳ, ಒಮ್ಮೆ ನೋಡು ಎಂದರೆ, ಕಣ್ಣು ಕಾಣುವುದಿಲ್ಲವೆಂದು ಕಳಿಸಿಬಿಡುತ್ತಿದ್ದೆ.

ಆರನೇ ತಿಂಗಳಲ್ಲಿ ತಮ್ಮನೇ ಫೋನ್ ಮಾಡಿದ. ಹೇಗಿದ್ದೀಯ ಎಂದು ಕೇಳಲಿಲ್ಲ.

"ವಂಡಿ ಮಾರ್ತೇನಿ. ಬಾಡಿ ಕೆಲಸ ಮೇಸ್ತ್ರಿ ಮುಗಿಸ್ಯಾನ. ಮುಂದಿನ ಅಚ್ಚು ಹಂಗ ಬಿಟ್ಟಾನ. ಅದನ್ನ ನೀನ ಮಾಡಬೇಕು. ನಾ ಬಂದು ಕೂಡ್ತೇನಿ."

"ನನ್ನ ಕೈಲೇ ಆಗೂದಿಲ್ಲೋ. ಮೇಸ್ತ್ರಿ ಮಾಡ್ಲಿ."

"ನೀನ ಮಾಡಬೇಕು," ಎಂದ. ಫೋನ್ ಇಟ್ಟ.

ಗ್ಯಾರೇಜಿನ ತಗಡಿನ ಚಪ್ಪರದ ಕೆಳಗೆ ತಮ್ಮನ ಗಾಲಿಕುರ್ಚಿಯನ್ನು ಹುಡುಗಿ ತಳ್ಳಿಕೊಂಡು ಬಂದಳು. ಅವನು ಸೊರಗಿದ್ದ, ಗಡ್ಡ ಬಿಟ್ಟಿದ್ದ. ಕಾಲಿನ ಮೇಲೆ ಒಂದು ಟವೆಲ್ ಹಾಸಿಕೊಂಡಿದ್ದ. ನಾನು ಶುರುಮಾಡುವ ಮೊದಲು ಮೇಸ್ತ್ರಿಯ ಬಳಿ ಹೋಗಿ, ಅವತ್ತು ನೀನು ಕೇಳಿದೆಯಲ್ಲ, ಜೋಡಿಸಿದ್ದು ಯಾರೆಂದು, ಅದು ನಾನೇ ಎಂದೆ. ಅವನು ನನ್ನನ್ನೊಮ್ಮೆ, ಕುರ್ಚಿಯಲ್ಲಿದ್ದ ತಮ್ಮನನ್ನೊಮ್ಮೆ ನೋಡಿ, ದೀಪದ ವಯರನ್ನು ನನ್ನ ಹತ್ತಿರಕ್ಕೆ ಎಳೆದುಕೊಟ್ಟ.

ಎಡಗಡೆ ಹೊಸ ಅಚ್ಚಿನ ತುದಿ, ಹೊಸ ಬೇರಿಂಗ್, ಹೊಸ ಸೀಲ್. ಬಲಗಡೆಯನ್ನೂ ಬಿಚ್ಚಿದೆ. ಅಲ್ಲಿಯೂ ಉಪ್ಪುನೀರು ಹೋಗಿತ್ತು. ನಡುವಿನ ಹಲ್ಲುಗಾಲಿಗಳ ಎಣ್ಣೆ ಇಳಿಸಿದರೆ ಹಾಲು ಹಾಕಿದ ಚಹಾದ ಹಾಗೆ ಬಂತು. ನೀರು ಬೆರೆತಿತ್ತು. ಡೀಸೆಲ್ ಹಾಕಿ ತೊಳೆದು ಹೊಸ ಎಣ್ಣೆ ತುಂಬಿದೆ, ಮತ್ತೆ ನೀರು ಒಳಹೋಗದಂತೆ ಅಚ್ಚಿಗೆ ಗಾಳಿ ಆಡುವ ಸಣ್ಣ ಕೊಳವೆಯನ್ನು ಬಾನೆಟ್ಟಿನ ಎತ್ತರಕ್ಕೆ ಏರಿಸಿ ಕಟ್ಟಿದೆ. ನಡುನಡುವೆ ತಮ್ಮ ಕೇಳುತ್ತಿದ್ದ, ಈಗ ಏನು ಮಾಡುತ್ತಿದ್ದೀಯ ಎಂದು. ಕೈಯಲ್ಲಿದ್ದದ್ದನ್ನು ಹೇಳುತ್ತಿದ್ದೆ.

ಒಳನಟ್ಟು ಬಿಗಿದು, ಗಾಲಿ ತಿರುಗಿಸಿ, ತುಸು ಸಡಿಲಿಸಿ, ಹೊಸ ವಾಷರ್ ಕೂರಿಸಿ, ಹೊರನಟ್ಟು ಬಿಗಿದೆ. ಸುತ್ತಿಗೆ ಎತ್ತಿದೆ. ಮೊದಲ ಏಟು ತಪ್ಪಿ ಬೆರಳಿನ ಮೇಲೆ ಬಿತ್ತು. ರಕ್ತ ಬಂತು. ಮೇಸ್ತ್ರಿ ಮುಂದೆ ಬಂದ.

"ಬ್ಯಾಡ," ತಮ್ಮ ಎಂದ. "ಅಂವನ ಮಾಡ್ಲಿ."

ಬೆರಳಿಗೆ ಚಿಂದಿ ಸುತ್ತಿಕೊಂಡು ಮಡಿಚಿದೆ. ಒಂದು ಕಿವಿ ಒಳಕ್ಕೆ, ಒಂದು ಹೊರಕ್ಕೆ. ಮುಗಿದ ಮೇಲೆ ಹುಡುಗಿ ದೀಪ ಹಿಡಿದು ಬಗ್ಗಿ ನೋಡಿದಳು. ಬೆರಳಿಟ್ಟು ಒತ್ತಿ ನೋಡಿದಳು. ನಾನು ಹೇಳಿಕೊಟ್ಟಂತೆ ನಟ್ಟಿನಿಂದ ಅಚ್ಚಿನವರೆಗೆ ಬಿಳಿ ಬಣ್ಣದ ಗೆರೆ ಎಳೆದಳು. ಬಲಗಡೆಯೂ ಹಾಗೇ. ಆಮೇಲೆ ಮೇಸ್ತ್ರಿ ಗಾಡಿಯನ್ನು ಹೊರಗೆ ತೆಗೆದು ಓಡಿಸಿದ. ರಸ್ತೆಯ ಕೊನೆಗೆ ಹೋಗಿ, ತಿರುಗಿ, ನಮ್ಮ ಮುಂದಿನಿಂದಲೇ ಎರಡು ಸಲ ಹೋದ. ತಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದ. ಡೀಸೆಲ್ ಇಂಜಿನ್ನಿನ ಸದ್ದು ಬಿಟ್ಟರೆ ಬೇರೆ ಇರಲಿಲ್ಲ.

"ಶರಿ," ಎಂದ ತಮ್ಮ. ಮಗಳ ಕಡೆ ತಿರುಗಿ ಮನೆಗೆ ಹೋಗೋಣವೆಂದ. ಅವರು ಹೋಗುವುದನ್ನು ನಾನು ಚಪ್ಪರದ ಕೆಳಗೆ ನಿಂತು ನೋಡಿದೆ. ಸ್ವಲ್ಪ ದೂರ ಹೋದ ಮೇಲೆ ಕುರ್ಚಿ ನಿಂತಿತು. ಹುಡುಗಿ ತಿರುಗಿ ನನ್ನ ಕಡೆ ಓಡಿ ಬಂದು ತಮಿಳಿನಲ್ಲಿ, ಅಪ್ಪ ಶನಿವಾರ ಬರಲು ಹೇಳಿದ್ದಾರೆ ಎಂದಳು. ಎತ್ತಲು ಇಟ್ಟುಕೊಂಡವನು ಶನಿವಾರ ಬರುವುದಿಲ್ಲವಂತೆ.

ಗಾಡಿಯನ್ನು ಪೊನ್ನೇರಿಯ ಆಚೆಯ ಒಬ್ಬ ರೈತ ಕೊಂಡುಕೊಂಡ. ತಮ್ಮ ಅವನಿಗೆ ಆದದ್ದನ್ನೆಲ್ಲ ಹೇಳಿಯೇ ಕೊಟ್ಟನಂತೆ, ಆರು ತಿಂಗಳಿಗೊಮ್ಮೆ ಗಾಲಿ ಬಿಚ್ಚಿಸಿ ನೋಡಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟನಂತೆ. ತಮ್ಮ ಈಗ ಮನೆಯಲ್ಲೇ ಕೂತು ಬೇರೆ ಸರ್ವೇಯರುಗಳು ಕಳಿಸುವ ಫೋಟೋ ನೋಡಿ ವರದಿ ತಿದ್ದುತ್ತಾನೆ. ನನ್ನೊಡನೆ ಮಾತಾಡುತ್ತಾನೆ, ಆದರೆ ಮೊದಲಿನ ಹಾಗೆ ಕೂಗಿ ಕರೆಯುವುದಿಲ್ಲ. ಕೆಲವು ದಿನ ಗೋಡೆಯ ಕಡೆ ತಿರುಗಿ ಮಲಗಿರುತ್ತಾನೆ. ಅಂಥ ದಿನ ನಾನು ಹೋದದ್ದೂ ಬಂದದ್ದೂ ಅವನಿಗೆ ಬೇಕಿಲ್ಲ. ಹುಣ್ಣಾಗದಂತೆ ಬೆನ್ನಿಗೆ ಪುಡಿ ಹಾಕಿ, ಮಗ್ಗುಲು ಬದಲಿಸಿ ಬರುತ್ತೇನೆ.

ತಮ್ಮನ ಹೆಂಡತಿ ಬಹಳ ಕಾಲ ನನ್ನೊಡನೆ ಮಾತಾಡಲಿಲ್ಲ. ಶನಿವಾರ ಕಾಫಿಯ ಲೋಟವನ್ನು ಕೈಗೆ ಕೊಡದೆ ಕಿಟಕಿಯ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದಳು. ನಾನು ಕುಡಿದು, ಲೋಟ ತೊಳೆದಿಟ್ಟು ಬರುತ್ತಿದ್ದೆ. ಕಳೆದ ತಿಂಗಳು ಒಂದು ಶನಿವಾರ ತಮ್ಮನ ಕಾಲಿಗೆ ಸೆಳೆತ ಬಂದು, ಸ್ಪರ್ಶವಿಲ್ಲದ ಆ ಕಾಲುಗಳು ತಾವಾಗಿಯೇ ಅದುರತೊಡಗಿದವು. ಹಾಗಾಗುತ್ತದೆ ಎಂದು ಡಾಕ್ಟರು ಹೇಳಿದ್ದರು, ಆದರೂ ನೋಡಲು ಭಯವಾಗುತ್ತದೆ. ಅವಳು ಒಂದು ಕಾಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದಳು. ಇನ್ನೊಂದು ಹಾಸಿಗೆಗೆ ಬಡಿಯುತ್ತಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ.

"ಏನ್ ನೋಡ್ತೀರಿ? ಆ ಕಾಲು ಹಿಡೀರಿ," ಎಂದಳು.

ಹೋಗಿ ಹಿಡಿದೆ. ಸೆಳೆತ ಇಳಿಯುವವರೆಗೆ ಇಬ್ಬರೂ ಹಾಗೇ ಕೂತಿದ್ದೆವು.